ಪಕ್ಕದ ಸೀಟಿನ ದನಿ

2009ರ ಮಾತು. ದುಬೈ ಆಟೋಡ್ರೋಮ್‌ನ ನೇರ ದಾರಿಯಲ್ಲಿ ಎರಡು ಕಾರುಗಳು ಅಕ್ಕಪಕ್ಕ ನಿಂತಿದ್ದವು. ಒಂದು ಫೋರ್ಡ್ ಜಿಟಿ, ಇನ್ನೊಂದು ರೆನೋ ತಂಡದ ಫಾರ್ಮುಲಾ ಒನ್ ಕಾರು. ಯಾವ ಚಾಂಪಿಯನ್‌ಷಿಪ್ಪಿಗೂ ಸೇರದ, ನೋಡುವವರ ಖುಷಿಗೆಂದೇ ಏರ್ಪಡಿಸಿದ ಓಟ ಅದು. ಫಾರ್ಮುಲಾ ಒನ್ ಕಾರಿನಲ್ಲಿ ಕೂತಿದ್ದವರು ಸಾಮಾನ್ಯರೇನಲ್ಲ, ಹದಿನಾಲ್ಕು ಸಲ ಮಧ್ಯಪ್ರಾಚ್ಯ ರ‍್ಯಾಲಿ ಚಾಂಪಿಯನ್ ಆದವರು. ಕಾರು ಹೊರಟ ಕೆಲವೇ ಸೆಕೆಂಡುಗಳಲ್ಲಿ ಹಿಂದಿನ ಚಕ್ರಗಳು ಹಿಡಿತ ಬಿಟ್ಟವು. ಕಾರು ಅಡ್ಡ ತಿರುಗಿ ಗೋಡೆಗೆ ಬಡಿಯಿತು. ಚಾಲಕರಿಗೆ ಹೆಚ್ಚೇನೂ ಪೆಟ್ಟಾಗಲಿಲ್ಲ. ಆ ದೃಶ್ಯದ ತುಣುಕು ಮಾತ್ರ ಇಂದಿಗೂ ಇಂಟರ್ನೆಟ್ಟಿನಲ್ಲಿ ಓಡುತ್ತಲೇ ಇದೆ.

ಫಾರ್ಮುಲಾ ಒನ್ ಕಾರಿನ ಟೈರು ಬಿಸಿಯೇರದ ಹೊರತು ನೆಲವನ್ನು ಕಚ್ಚಿ ಹಿಡಿಯುವುದಿಲ್ಲ. ಕಾರಿನ ತೂಕ ಕಡಿಮೆ, ಎಂಜಿನ್ನಿನ ಶಕ್ತಿ ಅಪಾರ. ಬಲಗಾಲು ಒಂದು ಕೂದಲೆಳೆಯಷ್ಟು ಹೆಚ್ಚು ಒತ್ತಿದರೂ ಬಾಲ ತಿರುಗುತ್ತದೆ. ಮರಳು, ಜಲ್ಲಿ, ಹಳ್ಳದ ಕಲ್ಲುಗಳ ಮೇಲೆ ಇಪ್ಪತ್ತು ವರ್ಷ ಕಾರು ಪಳಗಿಸಿದ ಕಾಲಿಗೂ ಅದು ಬೇರೆಯೇ ಪ್ರಾಣಿ. ಇನ್ನೂ ಒಂದು ವ್ಯತ್ಯಾಸವಿದೆ. ಫಾರ್ಮುಲಾ ಒನ್ ಕಾರಿನಲ್ಲಿ ಇರುವುದು ಒಂದೇ ಸೀಟು.

ಆ ಘಟನೆಯಾಗಿ ಹನ್ನೆರಡು ವರ್ಷಕ್ಕೆ, 2021ರ ಡಿಸೆಂಬರ್ 17ರಂದು, ಅದೇ ಚಾಲಕ ಫಾರ್ಮುಲಾ ಒನ್ ಸೇರಿದಂತೆ ಜಗತ್ತಿನ ಕಾರು ಕ್ರೀಡೆಗಳನ್ನು ಆಳುವ ಎಫ್‌ಐಎ ಸಂಸ್ಥೆಯ ಅಧ್ಯಕ್ಷರಾದರು. ಹೆಸರು ಮೊಹಮ್ಮದ್ ಬೆನ್ ಸುಲಾಯೆಮ್. ಶತಮಾನ ದಾಟಿದ ಆ ಸಂಸ್ಥೆಗೆ ಯುರೋಪಿನ ಹೊರಗಿನಿಂದ ಬಂದ ಮೊದಲ ಅಧ್ಯಕ್ಷ. ಅವರ ಏಳಿಗೆಯನ್ನೂ ಅವರ ಸುತ್ತ ಎದ್ದ ಜಗಳಗಳನ್ನೂ ಅರ್ಥ ಮಾಡಿಕೊಳ್ಳಬೇಕಾದರೆ ರ‍್ಯಾಲಿ ಕಾರಿನ ಎರಡನೆಯ ಸೀಟಿನಿಂದ ಶುರು ಮಾಡುವುದು ಒಳ್ಳೆಯದು.

ಇಬ್ಬರ ಆಟ

ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ರ‍್ಯಾಲಿ ನಡೆದಾಗ ನೋಡಲು ಹೋದವರಿಗೆ ಇದರ ಚಿತ್ರ ಗೊತ್ತಿರುತ್ತದೆ. 2016ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿಯ ಒಂದು ಸುತ್ತು ಅಲ್ಲಿ ನಡೆದು, ಭಾರತದ ಗೌರವ್ ಗಿಲ್ ಚಾಂಪಿಯನ್ ಪಟ್ಟ ಗೆದ್ದದ್ದೂ ಅಲ್ಲಿಯೇ. ತೋಟದ ಬೇಲಿಯ ಪಕ್ಕ ಗಂಟೆಗಟ್ಟಲೆ ಕಾಯಬೇಕು. ದೂರದಲ್ಲಿ ಎಂಜಿನ್ ಸದ್ದು ಕೇಳುತ್ತದೆ, ಕೆಂಪು ದೂಳಿನ ಮೋಡ ಏಳುತ್ತದೆ, ಕಾರು ಅಡ್ಡಡ್ಡ ಜಾರುತ್ತ ಬಂದು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ. ಮತ್ತೊಂದು ಕಾರು ಬರುವುದು ಒಂದೆರಡು ನಿಮಿಷ ಬಿಟ್ಟು. ಇಲ್ಲಿ ಯಾರೂ ಯಾರನ್ನೂ ಹಿಂದಿಕ್ಕುವ ಪಂದ್ಯವಿಲ್ಲ. ಪ್ರತಿ ಕಾರೂ ಗಡಿಯಾರದ ಎದುರು ಒಂಟಿಯಾಗಿ ಓಡುತ್ತದೆ. ‘ಸ್ಪೆಷಲ್ ಸ್ಟೇಜ್’ ಎಂದು ಕರೆಯುವ, ಜನಸಂಚಾರ ನಿಲ್ಲಿಸಿದ ದಾರಿಗಳಲ್ಲಿ ತೆಗೆದುಕೊಂಡ ಸಮಯವನ್ನೆಲ್ಲ ಕೂಡಿಸಿ, ಕಡಿಮೆ ಯಾರದೋ ಅವರು ಗೆದ್ದಂತೆ.

ಕಾರಿನೊಳಗೆ ಇಬ್ಬರಿರುತ್ತಾರೆ. ಒಬ್ಬ ಓಡಿಸುತ್ತಾನೆ, ಇನ್ನೊಬ್ಬ ಓದುತ್ತಾನೆ. ಓದುವವನು ಕೋ-ಡ್ರೈವರ್, ನಮ್ಮ ರ‍್ಯಾಲಿಗಳಲ್ಲಿ ನ್ಯಾವಿಗೇಟರ್ ಎನ್ನುವ ಹೆಸರೂ ಉಂಟು. ಪಂದ್ಯಕ್ಕೆ ಮೊದಲು ಇಬ್ಬರೂ ಅದೇ ದಾರಿಯಲ್ಲಿ ನಿಧಾನವಾಗಿ ಹೋಗಿ ಒಂದೊಂದು ತಿರುವನ್ನೂ ಬರೆದುಕೊಂಡಿರುತ್ತಾರೆ. ತಿರುವು ಎಷ್ಟು ಕಡಿದು ಎಂಬುದಕ್ಕೆ ಅಂಕೆ, ಮುಂದಿನ ತಿರುವಿಗೆ ಎಷ್ಟು ಮೀಟರು ಎಂಬ ಲೆಕ್ಕ, ದಿಬ್ಬದ ಆಚೆ ಏನಿದೆ ಎಂಬ ಎಚ್ಚರಿಕೆ, ಒಳ ಅಂಚಿನಲ್ಲಿ ಕಲ್ಲಿದ್ದರೆ ಅದಕ್ಕೊಂದು ಗುರುತು. ಇವೇ ಪೇಸ್ ನೋಟ್ಸ್. ‘ಎಡ ನಾಲ್ಕು, ಎಂಬತ್ತು, ದಿಬ್ಬ, ಬಲ ಎರಡು’ ಎಂದು ಹೆಲ್ಮೆಟ್ಟಿನ ಇಂಟರ್‌ಕಾಮ್‌ನಲ್ಲಿ ದನಿ ಬರುವಾಗ ಆ ದಿಬ್ಬವಾಗಲಿ ಬಲ ತಿರುವಾಗಲಿ ಕಣ್ಣಿಗೆ ಬಿದ್ದಿರುವುದಿಲ್ಲ. ಕಾಣದ ತಿರುವಿಗೆ ಕಾರನ್ನು ಈಗಲೇ ಅಣಿ ಮಾಡಬೇಕು. ಒಳ್ಳೆಯ ರ‍್ಯಾಲಿ ಚಾಲಕ ಕಣ್ಣಿಗಿಂತ ಹೆಚ್ಚು ಕಿವಿಯನ್ನು ನಂಬುತ್ತಾನೆ.

ಕೋ-ಡ್ರೈವರ್ ತಲೆಯೆತ್ತಿ ದಾರಿ ನೋಡುವುದೇ ಅಪರೂಪ. ಪುಸ್ತಕ ತೊಡೆಯ ಮೇಲೆ, ಕಾರಿನ ಕುಲುಕಾಟ ಬೆನ್ನಿಗೆ, ಎಲ್ಲಿದ್ದೇವೆ ಎಂಬ ಅರಿವು ಮೈಗೆ. ಟ್ರೋಫಿ ಹಿಡಿದ ಚಿತ್ರದಲ್ಲಿ ಇಬ್ಬರೂ ಇರುತ್ತಾರೆ. ನೆನಪಿನಲ್ಲಿ ಉಳಿಯುವುದು ಮಾತ್ರ ಒಬ್ಬರದೇ ಹೆಸರು.

ದುಬೈಯ ಹುಡುಗ

ಬೆನ್ ಸುಲಾಯೆಮ್ ಹುಟ್ಟಿದ್ದು 1961ರ ನವೆಂಬರಿನಲ್ಲಿ, ದುಬೈಯಲ್ಲಿ. ಆಗ ಯುಎಇ ಎಂಬ ದೇಶವೇ ಇರಲಿಲ್ಲ. ದುಬೈಗೆ ಎಣ್ಣೆ ಸಿಕ್ಕಿದ್ದು 1966ರಲ್ಲಿ, ಎಮಿರೇಟ್‌ಗಳು ಒಂದಾಗಿ ದೇಶವಾದದ್ದು 1971ರ ಡಿಸೆಂಬರ್ 2ರಂದು. ಡಾಂಬರು ದಾರಿ ಬೆರಳೆಣಿಕೆಯಷ್ಟಿದ್ದ ಊರು, ಅವರು ಪ್ರಾಯಕ್ಕೆ ಬರುವ ಹೊತ್ತಿಗೆ ಮೋಟಾರಿನ ಊರಾಗಿ ಬದಲಾಗಿತ್ತು. ಮನೆತನ ಪ್ರಭಾವವುಳ್ಳದ್ದು. ಅಣ್ಣತಮ್ಮಂದಿರಲ್ಲಿ ಒಬ್ಬರಾದ ಸುಲ್ತಾನ್ ಅಹ್ಮದ್ ಬಿನ್ ಸುಲಾಯೆಮ್ ದುಬೈಯ ಬಂದರು ಉದ್ಯಮ ಡಿಪಿ ವರ್ಲ್ಡ್ ಅನ್ನು ಜಗತ್ತಿನಾದ್ಯಂತ ಬೆಳೆಸಿದವರು.

ಮಧ್ಯಪ್ರಾಚ್ಯಕ್ಕೇ ಒಂದು ರ‍್ಯಾಲಿ ಚಾಂಪಿಯನ್‌ಷಿಪ್ ಶುರುವಾದದ್ದು 1984ರಲ್ಲಿ. ಮೊದಲ ಎರಡು ವರ್ಷ ಗೆದ್ದವರು ಕತಾರಿನ ಸಯೀದ್ ಅಲ್ ಹಜ್ರಿ. ಅವರ ಪೋರ್ಷೆ ಕಾರನ್ನು ಸಜ್ಜು ಮಾಡಿಕೊಟ್ಟದ್ದು 1984ರಲ್ಲೇ ಕಣ್ಣುಬಿಟ್ಟಿದ್ದ ಪ್ರೊಡ್ರೈವ್ ಎಂಬ ಇಂಗ್ಲಿಷ್ ತಂಡ. ಅದರ ಒಡೆಯ ಡೇವಿಡ್ ರಿಚರ್ಡ್ಸ್. ಈ ಹೆಸರು ಮುಂದೆ ಮತ್ತೆ ಬರುತ್ತದೆ.

1986ರಲ್ಲಿ ಪಟ್ಟ ಬೆನ್ ಸುಲಾಯೆಮ್ ಕೈಗೆ ಬಂತು. ಅಲ್ಲಿಂದ 2002ರವರೆಗಿನ ಹದಿನೇಳು ವರ್ಷಗಳಲ್ಲಿ ಹದಿನಾಲ್ಕು ಪಟ್ಟ ಅವರದೇ. ಮೊದಲು ಟೊಯೊಟಾ, ಆಮೇಲೆ ಫೋರ್ಡ್. ಈ ರ‍್ಯಾಲಿಗಳೆಲ್ಲ ಮರಳುಗುಡ್ಡದ ಮೇಲೆಯೇ ನಡೆಯುತ್ತವೆ ಎಂದುಕೊಂಡರೆ ತಪ್ಪು. ಜೋರ್ಡಾನಿನಲ್ಲಿ ಮೃತಸಮುದ್ರದ ಕಡೆಗಿಳಿಯುವ ಸಡಿಲ ಜಲ್ಲಿಯ ದಾರಿ, ಲೆಬನಾನಿನಲ್ಲಿ ಬೆಟ್ಟದ ಡಾಂಬರು ದಾರಿ, ಒಮಾನಿನಲ್ಲಿ ಒಣಗಿದ ಹಳ್ಳಗಳ ಕಲ್ಲು, ಕತಾರಿನಲ್ಲಿ ಗುರುತೇ ಸಿಗದ ಬಯಲು. ಇಂದು ಜಲ್ಲಿಗೆ ಹೊಂದಿಸಿದ ಕೈಯನ್ನು ಮುಂದಿನ ತಿಂಗಳು ಡಾಂಬರಿಗೆ ತಿದ್ದಿಕೊಳ್ಳಬೇಕು. ಕಾರಿನೊಳಗಿನ ಸೆಕೆಯಂತೂ ಬೇರೆಯೇ ಪರೀಕ್ಷೆ.

ಅವರ ಬಹಳಷ್ಟು ಗೆಲುವುಗಳಲ್ಲಿ ಪಕ್ಕದ ಸೀಟಿನಲ್ಲಿದ್ದವರು ಐರ್ಲೆಂಡಿನ ರೋನನ್ ಮಾರ್ಗನ್. ಅರಬ್ಬಿ ಮಾತಾಡುವ ಚಾಲಕ, ಐರ್ಲೆಂಡಿನ ಓದುಗ. ಭಾಷೆ ಎರಡು, ನೋಟ್ಸ್ ಒಂದು. ನಂಬಿಕೆ ಬೆಳೆದ ಮೇಲೆ ಆ ಜೋಡಿಗೆ ಎದುರಾಳಿಗಳೇ ವಿರಳವಾದರು. ಮುಂದೆ ಆ ದಾಖಲೆಗಳನ್ನು ಮುರಿಯಲು ಕತಾರಿನ ನಾಸರ್ ಅಲ್ ಅತಿಯಾ ಬರಬೇಕಾಯಿತು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬಂದೂಕು ಹಿಡಿದು ಕಂಚು ಗೆದ್ದ, ಡಕಾರ್ ರ‍್ಯಾಲಿಯನ್ನೂ ಮತ್ತೆ ಮತ್ತೆ ಗೆದ್ದ ಅಪರೂಪದ ಆಟಗಾರ ಅವರು.

ಓಡಿಸುವವನು ನಡೆಸಲು ಕಲಿತದ್ದು

ಆಡುತ್ತಿರುವಾಗಲೇ ಆಟ ನಡೆಸುವ ಹುಚ್ಚು ಹಿಡಿಸಿಕೊಳ್ಳುವವರು ಕಡಿಮೆ. ಬೆನ್ ಸುಲಾಯೆಮ್ 1991ರಲ್ಲಿ, ಇನ್ನೂ ಚಾಂಪಿಯನ್ ಆಗಿದ್ದಾಗಲೇ, ಯುಎಇ ಡೆಸರ್ಟ್ ಚಾಲೆಂಜ್ ಎಂಬ ಮರಳುಗಾಡಿನ ರ‍್ಯಾಲಿ ಹುಟ್ಟುಹಾಕಿದರು. ಈಗ ಅದರ ಹೆಸರು ಅಬುಧಾಬಿ ಡೆಸರ್ಟ್ ಚಾಲೆಂಜ್. ಇಲ್ಲಿ ಪೇಸ್ ನೋಟ್ಸ್ ಇಲ್ಲ, ಮೊದಲೇ ದಾರಿ ನೋಡುವಂತಿಲ್ಲ. ಕೈಯಲ್ಲಿರುವುದು ಸಂಘಟಕರು ಕೊಟ್ಟ ರೋಡ್ ಬುಕ್ ಮಾತ್ರ. ಎದುರಿಗಿರುವುದು ರುಬ್ ಅಲ್ ಖಾಲಿ, ಅಂದರೆ ‘ಬರಿದು ಪಾಲು’ ಎಂದು ಅರಬ್ಬರೇ ಹೆಸರಿಟ್ಟ ಮರಳು. ಟೈರಿನ ಗಾಳಿ ಇಳಿಸಿ, ನೆಲಕ್ಕೆ ತಾಗುವ ಅಗಲ ಹೆಚ್ಚಿಸಿಕೊಂಡರೆ ಮಾತ್ರ ಗುಡ್ಡ ಹತ್ತಲು ಸಾಧ್ಯ. ಹತ್ತಿದ ಮೇಲೆ ಆಚೆ ಇಳಿಜಾರೋ ಪ್ರಪಾತವೋ ತುದಿ ಮುಟ್ಟುವವರೆಗೆ ತಿಳಿಯದು.

ಈ ಮರಳಿಗೂ ಬೆಂಗಳೂರಿಗೂ ಒಂದು ನಂಟಿದೆ. ಬೆಂಗಳೂರಿನ ಬೈಕ್ ಸವಾರ ಸಿ.ಎಸ್. ಸಂತೋಷ್ ದೊಡ್ಡ ಮರಳುಗಾಡಿನ ಪಾಠ ಕಲಿತದ್ದು ಇದೇ ರ‍್ಯಾಲಿಯಲ್ಲಿ. 2013ರಲ್ಲಿ ಅವರ ಬೈಕಿಗೆ ಬೆಂಕಿ ಹೊತ್ತಿ ಕುತ್ತಿಗೆ ಸುಟ್ಟಿತ್ತು. ಎರಡು ವರ್ಷದ ಬಳಿಕ, 2015ರಲ್ಲಿ, ಅವರೇ ಡಕಾರ್ ರ‍್ಯಾಲಿಯನ್ನು ಪೂರ್ತಿಗೊಳಿಸಿದ ಮೊದಲ ಭಾರತೀಯರಾದರು.

2005ರಲ್ಲಿ ಬೆನ್ ಸುಲಾಯೆಮ್ ಯುಎಇಯ ಆಟೊಮೊಬೈಲ್ ಮತ್ತು ಟೂರಿಂಗ್ ಕ್ಲಬ್ಬಿನ ಅಧ್ಯಕ್ಷರಾದರು. 2008ರಲ್ಲಿ ಎಫ್‌ಐಎ ಉಪಾಧ್ಯಕ್ಷ ಸ್ಥಾನ ಸಿಕ್ಕಿತು. ಅರಬ್ ಜಗತ್ತಿನಿಂದ ಆ ಹುದ್ದೆಗೇರಿದ ಮೊದಲಿಗರು ಅವರೇ. ಮರುವರ್ಷ ಯಾಸ್ ಮರೀನಾದಲ್ಲಿ ಅಬುಧಾಬಿಯ ಮೊದಲ ಫಾರ್ಮುಲಾ ಒನ್ ಪಂದ್ಯ. ಟಿವಿಯಲ್ಲಿ ಕಾಣುವುದು ದೀಪಗಳ ಬೆಳಕಲ್ಲಿ ಹೊಳೆಯುವ ಟ್ರ್ಯಾಕು. ಕಾಣದಿರುವುದು ಬಾವುಟ ಬೀಸುವ, ಮುರಿದ ತುಂಡು ಗುಡಿಸುವ, ಬೆಂಕಿ ನಂದಿಸುವ ನೂರಾರು ಮಾರ್ಷಲ್‌ಗಳು. ಆ ಪಡೆಯನ್ನು ಕಟ್ಟಿ ತರಬೇತಿ ಕೊಟ್ಟದ್ದು ಈ ಕ್ಲಬ್ಬು. ಓಟದ ಪರಂಪರೆ ಇಲ್ಲದ ಊರಿನಲ್ಲಿ ಹಣ ಸುರಿದರೆ ಟ್ರ್ಯಾಕು ಎದ್ದೀತು. ಬಾವುಟ ಹಿಡಿದವನಿಗೆ ಯಾವಾಗ ಹಳದಿ, ಯಾವಾಗ ಕೆಂಪು ಎಂಬ ತಿಳಿವಳಿಕೆ ಬರಲು ವರ್ಷಗಳು ಬೇಕು.

ಹೊಲ ಒಬ್ಬರದು, ಬೆಳೆ ಇನ್ನೊಬ್ಬರದು

ಎಫ್‌ಐಎ ಹುಟ್ಟಿದ್ದು 1904ರ ಜೂನ್‌ನಲ್ಲಿ, ಯುರೋಪಿನ ಕಾರು ಕ್ಲಬ್ಬುಗಳ ಒಕ್ಕೂಟವಾಗಿ. ಈಗಿನ ಹೆಸರು ಎರಡನೇ ಮಹಾಯುದ್ಧ ಮುಗಿದ ಮೇಲೆ ಬಂದದ್ದು. ಕಚೇರಿ ಪ್ಯಾರಿಸ್ಸಿನ ಪ್ಲಾಸ್ ದ ಲಾ ಕಾಂಕಾರ್ಡ್‌ನಲ್ಲಿದೆ. ಸುಮಾರು 150 ದೇಶಗಳ 240ರಷ್ಟು ಕ್ಲಬ್ಬುಗಳು ಇದರ ಸದಸ್ಯರು. ಇವುಗಳಲ್ಲಿ ಎರಡು ಬಗೆ: ರಸ್ತೆ ಸುರಕ್ಷತೆ, ಪ್ರವಾಸ, ಕೆಟ್ಟ ಕಾರಿಗೆ ನೆರವು ಇಂಥವನ್ನು ನೋಡಿಕೊಳ್ಳುವವು ಒಂದು, ಕ್ರೀಡೆ ನಡೆಸುವವು ಇನ್ನೊಂದು. ನಮ್ಮಲ್ಲಿ ಕ್ರೀಡೆಯ ಪಾಲಿನ ಅಧಿಕಾರ ಮೋಟಾರು ಕ್ರೀಡಾ ಕ್ಲಬ್ಬುಗಳ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಬಳಿ ಇದೆ. ಎಫ್‌ಐಎಯ ವಿಶ್ವ ಮೋಟಾರು ಕ್ರೀಡಾ ಮಂಡಳಿಯಲ್ಲಿ ಭಾರತದ ಪರವಾಗಿ ವರ್ಷಗಳ ಕಾಲ ಕೂತಿದ್ದವರು ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ. 2021ರ ಡಿಸೆಂಬರಿನಲ್ಲಿ ಆ ಜಾಗಕ್ಕೆ ಗೌತಮ್ ಸಿಂಘಾನಿಯಾ ಬಂದರು.

ಅಧ್ಯಕ್ಷರನ್ನು ಆರಿಸುವುದು ಈ ಕ್ಲಬ್ಬುಗಳು. ಹ್ಯಾಮಿಲ್ಟನ್‌ನಂಥ ಚಾಲಕರಿಗೆ ಮತವಿಲ್ಲ, ಫೆರಾರಿಯಂಥ ತಂಡಗಳಿಗೆ ಮತವಿಲ್ಲ, ಟಿಕೆಟ್ ಕೊಂಡು ಬರುವ ಲಕ್ಷಾಂತರ ಜನರಿಗಂತೂ ಇಲ್ಲವೇ ಇಲ್ಲ. ಫಾರ್ಮುಲಾ ಒನ್ ಪಂದ್ಯದ ಕನಸೂ ಕಾಣದ ಸಣ್ಣ ದೇಶದ ಕ್ಲಬ್ಬಿಗೆ ಇದೆ. ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕದ ಚಿಕ್ಕ ಕ್ಲಬ್ಬುಗಳ ಕಷ್ಟ ಕೇಳಿಸಿಕೊಳ್ಳುವವರು ಗೆಲ್ಲುತ್ತಾರೆ. ಟಿವಿ ಪರದೆಯ ಮೇಲೆ ಅಧ್ಯಕ್ಷರಿಗೆ ಎಷ್ಟು ಬೈಗುಳ ಬಿದ್ದರೂ ಮತಪೆಟ್ಟಿಗೆಯಲ್ಲಿ ಅದು ಕಾಣದಿರುವುದು ಇದೇ ಕಾರಣಕ್ಕೆ.

ಇನ್ನೊಂದು ಗಂಟು ಹಣದ್ದು. ಫಾರ್ಮುಲಾ ಒನ್ ಚಾಂಪಿಯನ್‌ಷಿಪ್ಪಿನ ಒಡೆತನ ಎಫ್‌ಐಎಯದು. ಆದರೆ ಅದರಿಂದ ಹಣ ಮಾಡುವ ಹಕ್ಕನ್ನು ಮ್ಯಾಕ್ಸ್ ಮೋಸ್ಲಿ ಅಧ್ಯಕ್ಷರಾಗಿದ್ದ ಕಾಲದಲ್ಲಿ ಬರ್ನಿ ಎಕಲ್‌ಸ್ಟೋನ್ ಅವರ ಕಂಪನಿಗೆ ನೂರು ವರ್ಷಕ್ಕೆ ಗುತ್ತಿಗೆ ಕೊಡಲಾಯಿತು. ಆ ನೂರು ವರ್ಷದ ಎಣಿಕೆ ಶುರುವಾದದ್ದು 2011ರಿಂದ. ಆಟದ ನಿಯಮ ಮಾಡುವವರೇ ಅದರಿಂದ ಲಾಭ ಮಾಡಬಾರದು ಎಂಬ ಯುರೋಪಿನ ಸ್ಪರ್ಧಾ ನಿಯಂತ್ರಕರ ಒತ್ತಡವೂ ಆ ಏರ್ಪಾಡಿನ ಹಿಂದಿತ್ತು. 2017ರಲ್ಲಿ ಆ ಹಕ್ಕು ಅಮೆರಿಕದ ಲಿಬರ್ಟಿ ಮೀಡಿಯಾ ಕೈಸೇರಿತು. ಹೊಲದ ಪಹಣಿ ಒಬ್ಬರ ಹೆಸರಿನಲ್ಲಿ, ಉಳುಮೆಯೂ ಸುಗ್ಗಿಯೂ ಇನ್ನೊಬ್ಬರದು, ಗುತ್ತಿಗೆಯ ಕಾಗದ ಮೂರು ತಲೆಮಾರಿಗೆ. ಜಗಳವಾಗದೆ ಇರಲು ಹೇಗೆ ಸಾಧ್ಯ?

ಉರಿಯುವ ಮನೆಯ ಗೃಹಪ್ರವೇಶ

ಬೆನ್ ಸುಲಾಯೆಮ್ ಗೆದ್ದ ವಾರವನ್ನೇ ನೋಡಿ. ಡಿಸೆಂಬರ್ 12ರಂದು ಅವರದೇ ನೆಲವಾದ ಅಬುಧಾಬಿಯಲ್ಲಿ ವರ್ಷದ ಕೊನೆಯ ಪಂದ್ಯ. ಓಟವನ್ನು ನಿಧಾನಗೊಳಿಸುವ ಸೇಫ್ಟಿ ಕಾರನ್ನು ಒಳಗೆ ಕರೆಸುವಾಗ ರೇಸ್ ಡೈರೆಕ್ಟರ್ ಮೈಕೆಲ್ ಮಾಸಿ ತೆಗೆದುಕೊಂಡ ತೀರ್ಮಾನದಿಂದ ಕೊನೆಯ ಸುತ್ತಿನಲ್ಲಿ ಹ್ಯಾಮಿಲ್ಟನ್ ಎಂಟನೇ ಪಟ್ಟ ಕಳೆದುಕೊಂಡು ವೆರ್ಸ್ಟಾಪನ್ ಮೊದಲ ಪಟ್ಟ ಗೆದ್ದರು. 16ರಂದು ಪ್ಯಾರಿಸ್ಸಿನ ಪ್ರಶಸ್ತಿ ಸಮಾರಂಭಕ್ಕೆ ಹ್ಯಾಮಿಲ್ಟನ್ ಬರಲೇ ಇಲ್ಲ. 17ರಂದು ಚುನಾವಣೆ. ಬ್ರಿಟನ್ನಿನ ಗ್ರಹಾಂ ಸ್ಟೋಕರ್ ಎದುರು ಬೆನ್ ಸುಲಾಯೆಮ್‌ಗೆ ನೂರಕ್ಕೆ 61ಕ್ಕೂ ಹೆಚ್ಚು ಮತ. ಫೆಬ್ರವರಿಯಲ್ಲಿ ಮಾಸಿಯವರನ್ನು ಆ ಹುದ್ದೆಯಿಂದ ತೆಗೆದರು. ಮಾರ್ಚಿನಲ್ಲಿ ಬಂದ ವರದಿ ನಡೆದದ್ದನ್ನು ಮಾನವ ದೋಷ ಎಂದಿತು, ಫಲಿತಾಂಶ ಬದಲಾಗಲಿಲ್ಲ.

ಮನೆಯೊಳಗೆ ಬೆಂಕಿ ಇನ್ನೊಂದು ಕಡೆಯಿಂದಲೂ ಇತ್ತು. ಎಫ್‌ಐಎ 2021ರಲ್ಲಿ 2.4 ಕೋಟಿ ಯೂರೊಗಳಷ್ಟು ನಷ್ಟದಲ್ಲಿತ್ತು. 2024ರ ಲೆಕ್ಕ ಲಾಭ ತೋರಿಸಿತು. ಸಣ್ಣ ಕ್ಲಬ್ಬುಗಳ ಮುಂದೆ ಬೆನ್ ಸುಲಾಯೆಮ್ ಹೆಮ್ಮೆಯಿಂದ ಇಡುವ ಲೆಕ್ಕ ಇದು. ತಂಡಗಳ ಖರ್ಚಿಗೆ ಹಾಕಿದ್ದ ಮಿತಿಯನ್ನು ರೆಡ್ ಬುಲ್ 2021ರಲ್ಲಿ ಮೀರಿದ್ದಕ್ಕೆ 70 ಲಕ್ಷ ಡಾಲರ್ ದಂಡ ಬಿದ್ದದ್ದೂ ಅವರ ಕಾಲದಲ್ಲಿಯೇ, 2022ರ ಅಕ್ಟೋಬರಿನಲ್ಲಿ.

ಗುತ್ತಿಗೆದಾರರೊಂದಿಗಿನ ತಿಕ್ಕಾಟ 2023ರ ಜನವರಿಯಲ್ಲಿ ಬೀದಿಗೆ ಬಂತು. ಸೌದಿ ಅರೇಬಿಯಾ 2,000 ಕೋಟಿ ಡಾಲರ್ ಕೊಟ್ಟು ಫಾರ್ಮುಲಾ ಒನ್ ಕೊಳ್ಳಲು ಯೋಚಿಸಿತ್ತು ಎಂಬ ಸುದ್ದಿ ಹೊರಬಿದ್ದಾಗ, ಅದು ಉಬ್ಬಿಸಿದ ಬೆಲೆ ಎಂಬರ್ಥದಲ್ಲಿ ಬೆನ್ ಸುಲಾಯೆಮ್ ಟ್ವೀಟ್ ಮಾಡಿದರು. ನಿಮ್ಮ ಮಾತಿನಿಂದ ನಮ್ಮ ಕಂಪನಿಯ ಮೌಲ್ಯಕ್ಕೆ ಪೆಟ್ಟು ಬಿದ್ದರೆ ನೀವೇ ಹೊಣೆ ಎಂದು ಫಾರ್ಮುಲಾ ಒನ್ ಕಂಪನಿಯ ವಕೀಲರ ಪತ್ರ ಬಂತು. ಮರುತಿಂಗಳು ಫಾರ್ಮುಲಾ ಒನ್‌ನ ದಿನನಿತ್ಯದ ಕೆಲಸದಿಂದ ಅವರು ಹಿಂದೆ ಸರಿದರು.

ಅದೇ ಹಟ ಇನ್ನೊಂದು ಕಡೆ ಫಲ ಕೊಟ್ಟಿತು. ಹತ್ತೇ ತಂಡಗಳಿದ್ದ ಫಾರ್ಮುಲಾ ಒನ್‌ಗೆ ಹನ್ನೊಂದನೆಯದನ್ನು ಸೇರಿಸಲು ಅವರು ಬಾಗಿಲು ತೆರೆದರು. ಇದ್ದ ತಂಡಗಳಿಗೆ ಇಷ್ಟವಿರಲಿಲ್ಲ. ಹತ್ತು ಪಾಲಾಗುವ ಹಣ ಹನ್ನೊಂದಾದರೆ ಯಾರಿಗೆ ಹಿತ? ಅಮೆರಿಕದ ಆಂಡ್ರೆಟ್ಟಿ ತಂಡಕ್ಕೆ ಎಫ್‌ಐಎ 2023ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟಿತು, ಫಾರ್ಮುಲಾ ಒನ್ ಕಂಪನಿ 2024ರ ಜನವರಿಯಲ್ಲಿ ಬೇಡವೆಂದಿತು. ಕೊನೆಗೆ ಅದೇ ಯೋಜನೆ ಜನರಲ್ ಮೋಟಾರ್ಸ್ ಬೆಂಬಲದೊಡನೆ ಕ್ಯಾಡಿಲಾಕ್ ಹೆಸರು ಹೊತ್ತು 2025ರ ಮಾರ್ಚಿನಲ್ಲಿ ಪೂರ್ತಿ ಒಪ್ಪಿಗೆ ಪಡೆಯಿತು. 2026ರ ಋತುವಿಗೆ ಹನ್ನೊಂದು ತಂಡಗಳಾದವು. ಇಲ್ಲಿ ಅಧ್ಯಕ್ಷರ ಎಣಿಕೆ ಸರಿಯಿತ್ತು ಎಂದು ಅವರನ್ನು ಮೆಚ್ಚದವರೂ ಒಪ್ಪುತ್ತಾರೆ.

ಬಾಯಿಗೆ ಬೀಗ

ಹಣದ ಜಗಳ ಜನಕ್ಕೆ ಅಷ್ಟು ಅರ್ಥವಾಗುವುದಿಲ್ಲ. ಬೈಗುಳದ ಜಗಳ ಎಲ್ಲರಿಗೂ ಅರ್ಥವಾಯಿತು. ಚಾಲಕರು ರೇಡಿಯೊದಲ್ಲಿ, ಪತ್ರಿಕಾಗೋಷ್ಠಿಯಲ್ಲಿ ಹೊಲಸು ಮಾತಾಡುವುದು ನಿಲ್ಲಬೇಕು, ಇವರೇನು ರ‍್ಯಾಪ್ ಹಾಡುಗಾರರೇ ಎಂಬ ಧಾಟಿಯಲ್ಲಿ 2024ರಲ್ಲಿ ಬೆನ್ ಸುಲಾಯೆಮ್ ಮಾತಾಡಿದರು. ಆ ಹೋಲಿಕೆಯಲ್ಲಿ ಜನಾಂಗಭೇದದ ವಾಸನೆಯಿದೆ ಎಂದು ಹ್ಯಾಮಿಲ್ಟನ್ ಆಕ್ಷೇಪಿಸಿದರು. ಸಿಂಗಪುರದ ಪತ್ರಿಕಾಗೋಷ್ಠಿಯಲ್ಲಿ ತಮ್ಮ ಕಾರಿನ ಬಗ್ಗೆ ಒಂದು ಕೆಟ್ಟ ಮಾತಾಡಿದ ವೆರ್ಸ್ಟಾಪನ್‌ಗೆ ಸಮಾಜಸೇವೆಯ ಶಿಕ್ಷೆಯಾಯಿತು. ನಾವು ವಯಸ್ಕರು, ಹಾಗೆಯೇ ನಡೆಸಿಕೊಳ್ಳಿ ಎಂದು ನವೆಂಬರಿನಲ್ಲಿ ಚಾಲಕರ ಸಂಘ ಬಹಿರಂಗ ಪತ್ರ ಬರೆಯಿತು.

ಉತ್ತರವಾಗಿ ಬಂದದ್ದು ದರಪಟ್ಟಿ. 2025ರ ಜನವರಿಯ ನಿಯಮದಂತೆ ಫಾರ್ಮುಲಾ ಒನ್ ಚಾಲಕನಿಗೆ ಮೊದಲ ತಪ್ಪಿಗೆ 40,000 ಯೂರೊ, ಮೂರನೆಯದಕ್ಕೆ 1,20,000 ಯೂರೊ ಜೊತೆಗೆ ಒಂದು ತಿಂಗಳ ನಿಷೇಧ. ಆದರೆ ಹೊಸ ನಿಯಮದ ಬಿಸಿ ಮೊದಲು ತಟ್ಟಿದ್ದು ಬೆನ್ ಸುಲಾಯೆಮ್ ಅವರದೇ ಕುಲದವರಿಗೆ. ಫೆಬ್ರವರಿಯ ಸ್ವೀಡನ್ ರ‍್ಯಾಲಿಯಲ್ಲಿ ಫ್ರಾನ್ಸಿನ ಆದ್ರಿಯಾ ಫೂರ್ಮೋ ಟಿವಿಗೆ ಮಾತಾಡುವಾಗ ನಾಲಿಗೆ ಜಾರಿದ್ದಕ್ಕೆ 10,000 ಯೂರೊ ದಂಡ, ಮತ್ತೆ ತಪ್ಪಿದರೆ ಇನ್ನೂ 20,000ದ ತೂಗುಕತ್ತಿ.

ರ‍್ಯಾಲಿಯವರಿಗೆ ಇದು ಯಾಕೆ ಅಷ್ಟು ಕುಟುಕಿತು ಎಂಬುದಕ್ಕೆ ಕಾರಣವಿದೆ. ಫಾರ್ಮುಲಾ ಒನ್‌ನಲ್ಲಿ ಪಂದ್ಯ ಮುಗಿಸಿ, ಬೆವರೊರಸಿ, ನೀರು ಕುಡಿದು ಮೈಕಿನ ಮುಂದೆ ಬರುತ್ತಾರೆ. ರ‍್ಯಾಲಿಯಲ್ಲಿ ಸ್ಟೇಜ್ ಮುಗಿಯುವ ಗೆರೆಯ ಆಚೆ ಕಾರು ನಿಂತಿತೋ ಇಲ್ಲವೋ, ಕಿಟಕಿಯೊಳಗೆ ಮೈಕು ತೂರಿ ಬರುತ್ತದೆ. ಎದೆ ಇನ್ನೂ ಹೊಡೆದುಕೊಳ್ಳುತ್ತಿರುತ್ತದೆ. ಎರಡು ಕಿಲೊಮೀಟರ್ ಹಿಂದೆ ಮರವೊಂದು ಬೆರಳಗಲದಲ್ಲಿ ತಪ್ಪಿರುತ್ತದೆ. ಆಗ ಬಾಯಿಗೆ ಬರುವ ಮಾತು ಸಭ್ಯ ಸಭೆಯದಾಗಿರಬೇಕೆಂದರೆ ಹೇಗೆ? ಹದಿನಾಲ್ಕು ಸಲ ಚಾಂಪಿಯನ್ ಆದವರಿಗೆ ಇದನ್ನು ಹೊರಗಿನವರು ಹೇಳಿಕೊಡಬೇಕಾಗಿ ಬಂತು.

ರ‍್ಯಾಲಿ ಚಾಲಕರೂ ಕೋ-ಡ್ರೈವರ್‌ಗಳೂ ಸೇರಿ ಸಂಘ ಕಟ್ಟಿಕೊಂಡರು. ಮಾರ್ಚಿನಲ್ಲಿ ಕೀನ್ಯಾದ ಸಫಾರಿ ರ‍್ಯಾಲಿಯಲ್ಲಿ ಮೈಕು ಬಂದಾಗ ಕೆಲವರು ಬಾಯಿ ಬಿಡಲಿಲ್ಲ. ಕೆಲವರು ತಮ್ಮ ತಾಯ್ನುಡಿಯಲ್ಲೇ ಉತ್ತರಿಸಿದರು. ದಂಡ ಹಾಕುವವರಿಗೆ ಅರ್ಥವಾಗದ ಭಾಷೆಯಲ್ಲಿ ಮಾತಾಡುವುದಕ್ಕಿಂತ ನಯವಾದ ಪ್ರತಿಭಟನೆ ಇನ್ನೊಂದಿರಲಾರದು. ಆಮೇಲೆ ಎಫ್‌ಐಎ, ಎಲ್ಲಿ ಮಾತಾಡಿದರೆ ತಪ್ಪು, ಎಲ್ಲಿ ತಪ್ಪಲ್ಲ ಎಂದು ಜಾಗಗಳನ್ನು ಗೆರೆ ಎಳೆದು ಬೇರ್ಪಡಿಸಿತು. ಮೇ ತಿಂಗಳಲ್ಲಿ ಮೂಲ ದಂಡ 10,000ದಿಂದ 5,000 ಯೂರೊಗೆ ಇಳಿಯಿತು. ಅಧ್ಯಕ್ಷರು ಕೇಳಿಸಿಕೊಂಡಿದ್ದರು, ಆದರೆ ತಿರುವು ದಾಟಿದ ಮೇಲೆ.

ಓದುವವರು ಇಳಿದು ಹೋದಾಗ

ಇಲ್ಲೊಂದು ಕುತೂಹಲದ ಸಂಗತಿ ಇದೆ. ಬೆನ್ ಸುಲಾಯೆಮ್‌ಗಿಂತ ಮೊದಲು ಹನ್ನೆರಡು ವರ್ಷ ಅಧ್ಯಕ್ಷರಾಗಿದ್ದ ಜೀನ್ ಟಾಡ್ ಮೂಲತಃ ಕೋ-ಡ್ರೈವರ್. 1981ರ ವಿಶ್ವ ರ‍್ಯಾಲಿಯಲ್ಲಿ ಗೀ ಫ್ರೆಕ್ಲಾ ಪಕ್ಕ ಕೂತು ನೋಟ್ಸ್ ಓದಿದವರು. ಆ ವರ್ಷ ಈ ಜೋಡಿಯನ್ನು ಎರಡನೇ ಸ್ಥಾನಕ್ಕೆ ತಳ್ಳಿ ಪಟ್ಟ ಗೆದ್ದವರು ಫಿನ್ಲೆಂಡಿನ ಆರಿ ವಟನೆನ್. ವಟನೆನ್ ಪಕ್ಕದಲ್ಲಿ ಕೂತಿದ್ದವರು ಅದೇ ಡೇವಿಡ್ ರಿಚರ್ಡ್ಸ್. ಇಪ್ಪತ್ತೆಂಟು ವರ್ಷದ ಮೇಲೆ, 2009ರಲ್ಲಿ, ಟಾಡ್ ಮತ್ತು ವಟನೆನ್ ಎಫ್‌ಐಎ ಚುನಾವಣೆಯಲ್ಲಿ ಎದುರುಬದುರಾದರು. ಈ ಸಲ ಓದುವವರಿಗೆ 135 ಮತ, ಓಡಿಸುವವರಿಗೆ 49.

ಬೆನ್ ಸುಲಾಯೆಮ್ ಕೂಡ ಗೆದ್ದಾಗ ಕ್ರೀಡೆಯ ಉಪಾಧ್ಯಕ್ಷರನ್ನಾಗಿ ಪಕ್ಕದಲ್ಲಿ ಕೂರಿಸಿಕೊಂಡದ್ದು ಒಬ್ಬ ಕೋ-ಡ್ರೈವರ್‌ನನ್ನೇ: 2001ರಲ್ಲಿ ರಿಚರ್ಡ್ ಬರ್ನ್ಸ್ ಜೊತೆ ವಿಶ್ವ ಚಾಂಪಿಯನ್ ಆದ ಸ್ಕಾಟ್ಲೆಂಡಿನ ರಾಬರ್ಟ್ ರೀಡ್. ಜೋಡಿ ಕೂಡಿದಂತೆಯೇ ಕಂಡಿತು. 2025ರ ಹೊತ್ತಿಗೆ ಕೇಳಿಬಂದದ್ದೇ ಬೇರೆ. ಗೋಪ್ಯತೆಯ ಹೊಸ ಒಪ್ಪಂದಕ್ಕೆ ಸಹಿ ಹಾಕದ ಕಾರಣಕ್ಕೆ ರೀಡ್ ಅವರಿಗೂ, ಬ್ರಿಟನ್ನಿನ ಮೋಟಾರು ಕ್ರೀಡಾ ಸಂಸ್ಥೆಯ ಮುಖ್ಯಸ್ಥರಾಗಿದ್ದ ರಿಚರ್ಡ್ಸ್ ಅವರಿಗೂ ಫೆಬ್ರವರಿಯ ವಿಶ್ವ ಮಂಡಳಿ ಸಭೆಗೆ ಪ್ರವೇಶ ಸಿಗಲಿಲ್ಲ. ಏಪ್ರಿಲಿನಲ್ಲಿ ರೀಡ್ ರಾಜೀನಾಮೆ ಕೊಟ್ಟರು. ಮುಖ್ಯ ತೀರ್ಮಾನಗಳು ಮುಚ್ಚಿದ ಬಾಗಿಲ ಹಿಂದೆ ಆಗುತ್ತಿವೆ ಎಂಬುದು ಅವರ ದೂರಿನ ತಿರುಳು. ಒಳಗಿನ ಮಾತು ಸೋರದಂತೆ ಕಾಯುವುದು ಸಂಸ್ಥೆಯ ಹಕ್ಕು ಎಂಬುದು ಅಧ್ಯಕ್ಷರ ಕಡೆಯವರ ವಾದ.

ವರ್ಷದ ಕೊನೆಗೆ ಮತ್ತೆ ಚುನಾವಣೆ. ಎರಡು ಸಲ ವಿಶ್ವ ರ‍್ಯಾಲಿ ಗೆದ್ದ ಸ್ಪೇನಿನ ಕಾರ್ಲೋಸ್ ಸೈಂಜ್ ನಿಲ್ಲುವ ಯೋಚನೆ ಮಾಡಿ ಜೂನ್‌ನಲ್ಲಿ ಕೈಬಿಟ್ಟರು. ಹಿಂದಿನ ವರ್ಷ ಸ್ಟ್ಯೂವರ್ಡ್, ಅಂದರೆ ಪಂದ್ಯದ ತೀರ್ಪುಗಾರನ ಹುದ್ದೆಯಿಂದ ತೆಗೆಯಲ್ಪಟ್ಟಿದ್ದ ಅಮೆರಿಕದ ಟಿಮ್ ಮೇಯರ್ ಅಖಾಡಕ್ಕಿಳಿದರು. ಆದರೆ ಅಭ್ಯರ್ಥಿಯಾಗಲು ಒಬ್ಬರೇ ಬಂದರೆ ಸಾಲದು. ಪ್ರತಿ ಪ್ರದೇಶದಿಂದಲೂ ಉಪಾಧ್ಯಕ್ಷರ ಹೆಸರಿರುವ ತಂಡ ಬೇಕು, ಆ ಹೆಸರುಗಳು ವಿಶ್ವ ಮಂಡಳಿಗೆ ಅರ್ಹರಾದವರ ಪಟ್ಟಿಯಲ್ಲೇ ಇರಬೇಕು. ಈ ಸಲ ದಕ್ಷಿಣ ಅಮೆರಿಕದಿಂದ ಪಟ್ಟಿಯಲ್ಲಿದ್ದ ಹೆಸರು ಒಂದೇ, ಬ್ರೆಜಿಲಿನ ಫಾಬಿಯಾನಾ ಎಕಲ್‌ಸ್ಟೋನ್. ಅವರು ಬೆನ್ ಸುಲಾಯೆಮ್ ಪಾಳಯದಲ್ಲಿದ್ದರು. ಅಲ್ಲಿಗೆ ಬೇರೆ ಯಾರೂ ತಂಡ ಕಟ್ಟುವಂತಿರಲಿಲ್ಲ. ನಿಯಮ ಹೊಸದೇನಲ್ಲ, ಎಲ್ಲರಿಗೂ ಗೊತ್ತಿದ್ದದ್ದೇ ಎಂದು ಎಫ್‌ಐಎ ಹೇಳಿತು. ಅಧ್ಯಕ್ಷ ಸ್ಥಾನಕ್ಕೆ ನಿಲ್ಲಬೇಕೆಂದಿದ್ದು ಸ್ಪರ್ಧಿಸಲಾಗದ ಲಾರಾ ವಿಲಾರ್ಸ್ ಪ್ಯಾರಿಸ್ಸಿನ ಕೋರ್ಟಿಗೆ ಹೋದರು. ಕೋರ್ಟು ಚುನಾವಣೆ ತಡೆಯಲಿಲ್ಲ, ಮೊಕದ್ದಮೆಯನ್ನು ವಿಚಾರಣೆಗೆ ಉಳಿಸಿಕೊಂಡಿತು. 2025ರ ಡಿಸೆಂಬರ್ 12ರಂದು ಉಜ್ಬೇಕಿಸ್ತಾನದ ತಾಷ್ಕೆಂಟಿನಲ್ಲಿ ನೂರಕ್ಕೆ 91ಕ್ಕೂ ಹೆಚ್ಚು ಮತ ಪಡೆದು ಬೆನ್ ಸುಲಾಯೆಮ್ ಮತ್ತೆ ಅಧ್ಯಕ್ಷರಾದರು. ಎದುರಾಳಿ ಇರಲಿಲ್ಲ.

ಗಡಿಯಾರದ ಎದುರು ಒಂಟಿಯಾಗಿ ಓಡಿ ಗೆಲ್ಲುವುದು ಅವರಿಗೆ ಹೊಸದಲ್ಲ. ರ‍್ಯಾಲಿಯ ನಿಯಮಪುಸ್ತಕದಲ್ಲಿ ಮಾತ್ರ, ಆ ಒಂಟಿ ಓಟಕ್ಕೂ ಒಂದು ಕಟ್ಟಳೆ ಇದೆ. ಸ್ಟೇಜ್ ಶುರುವಾಗುವ ಮೊದಲು ಪ್ರತಿ ಕಾರೂ ಟೈಮ್ ಕಂಟ್ರೋಲ್ ಎಂಬ ಠಾಣೆಯಲ್ಲಿ ತನಗೆ ಗೊತ್ತುಮಾಡಿದ ನಿಮಿಷಕ್ಕೇ ಹಾಜರಾಗಬೇಕು. ತಡವಾದ ಒಂದೊಂದು ನಿಮಿಷಕ್ಕೆ ಹತ್ತು ಸೆಕೆಂಡು ದಂಡ. ಬೇಗ ಬಂದ ಒಂದೊಂದು ನಿಮಿಷಕ್ಕೆ ಇಡೀ ಒಂದು ನಿಮಿಷ ದಂಡ. ಆತುರಕ್ಕೆ ಆರು ಪಟ್ಟು ಹೆಚ್ಚು ಶಿಕ್ಷೆ. ಚಾಲಕ ಎಷ್ಟೇ ವೇಗದವನಿರಲಿ, ಠಾಣೆಯವರು ಬರೆದುಕೊಡುವ ಟೈಮ್ ಕಾರ್ಡ್ ಅವನ ಕೈಯಲ್ಲಿ ಇರುವುದಿಲ್ಲ. ಅದನ್ನು ಹಿಡಿದು, ಗಡಿಯಾರ ನೋಡಿ, ಸರಿಯಾದ ನಿಮಿಷಕ್ಕೆ ಕಾರಿನಿಂದಿಳಿದು ಹೋಗಿ ಕೊಡುವವನು ಪಕ್ಕದ ಸೀಟಿನವನು.